ಅಮ್ಮನಿಗೆ ಕಾಣುವ ಮಾತು

“ನಿಮ್ಮ ಟೀವಿ ನೀವೇ ಇಟ್ಕೊಳ್ರೀ! ಪರದೆ ದೊಡ್ಡದಾಯ್ತು, ಮುಖ ಮಸುಕಾಯ್ತು!”

ಗಗನ ಬೆಚ್ಚಿ ತಲೆಯೆತ್ತಿದಳು. ದೇವರಾಜ ಅರಸು ರಸ್ತೆಯ ಆ ಅಂಗಡಿಯಲ್ಲಿ ಅವಳು ಟೀವಿ ಮಾರಲು ಶುರುಮಾಡಿ ಎರಡು ವರ್ಷವಾಗಿತ್ತು. ಇಷ್ಟು ಕೋಪದ ಗಿರಾಕಿಯನ್ನು ಅವಳು ನೋಡಿಯೇ ಇರಲಿಲ್ಲ. ಆದರೆ ಆ ಕಣ್ಣುಗಳಲ್ಲಿ ಇದ್ದದ್ದು ಬರೀ ಕೋಪವೇ? ಅಲ್ಲ... ಯಾಕೋ ಸೋತವನ ಸಂಕಟದಂತೆ ಕಂಡಿತು.

“ಏನು ನೋಡ್ತಿದ್ರಿ ಸರ್?”

“ಹೊಸ ಎಚ್‌ಡಿ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿದೆ. ನಿಮ್ಮ ಟೀವಿಲಿ ಹಾಕಿದ್ರೆ ಮಂಜು ಮಂಜು.”

“ಯಾವ ಕೇಬಲ್ ಹಾಕಿದ್ದೀರಿ?”

“ಹಳದಿ ಪಿನ್ನಿಂದು. ಹಳೇ ಟೀವಿದು.”

ಗಗನಳಿಗೆ ನಗು ಬಂತು, ತಡೆದುಕೊಂಡಳು. “ಅದ್ರಲ್ಲಿ ಎಚ್‌ಡಿ ಚಿತ್ರ ಬರೋದೇ ಇಲ್ಲ ಸರ್. ಇಡೀ ಚಿತ್ರಾನ ಒಂದೇ ತಂತಿಗೆ ತುರುಕಿ ಕಳಿಸುತ್ತೆ. ಹಸಿರು, ನೀಲಿ, ಕೆಂಪು, ಹೀಗೆ ಮೂರು ಪಿನ್ ಇರೋದು ಒಂದಿದೆ, ಕಾಂಪೊನೆಂಟ್ ಅಂತ. ಇನ್ನೊಂದು ಎಚ್‌ಡಿಎಂಐ, ಚಿತ್ರ ಧ್ವನಿ ಎರಡೂ ಒಂದ್ರಲ್ಲೇ. ಕಾಂಪೊನೆಂಟ್ ತಗೊಂಡ್ರೆ ಧ್ವನಿಗೆ ಬೇರೆ ತಂತಿ ಹಾಕ್ಬೇಕು.”

“ಧ್ವನಿ ಬೇಡ.” ಅವನ ಸ್ವರ ತಗ್ಗಿತು. “ತುಟಿ ಕಾಣ್ಬೇಕು, ಅಷ್ಟೇ.”

“ಅಂದ್ರೆ...?”

“ನಮ್ಮಮ್ಮನಿಗೆ ಕಿವಿ ಕೇಳಲ್ಲ. ತುಟಿ ನೋಡಿ ಮಾತು ತಿಳ್ಕೋತಾರೆ. ಕೊಳ್ಳೇಗಾಲದಲ್ಲಿ ನಮ್ಮ ದೇವಿರಮ್ಮ ಚಿಕ್ಕಮ್ಮ ಹಾಸಿಗೆ ಹಿಡಿದಿದ್ದಾರೆ. ಅಮ್ಮನ ಕೈಲಿ ಬಸ್ಸಲ್ಲಿ ಹೋಗೋಕಾಗಲ್ಲ, ಫೋನಲ್ಲಿ ಕೇಳೋಕಾಗಲ್ಲ. ಅದಕ್ಕೇ ಚಿಕ್ಕಮ್ಮ ಮಾತಾಡೋದನ್ನ ವಿಡಿಯೊ ಮಾಡ್ಕೊಂಡು ಬರ್ತೀನಿ. ನಿನ್ನೆ ಅಮ್ಮ ಪರದೆಗೆ ಮೂಗು ತಾಗಿಸಿಕೊಂಡು ನೋಡಿ... ಅತ್ತುಬಿಟ್ರು.”

ಗಗನಳ ಎದೆ ಚುರ್ ಎಂದಿತು. “ನಾನೇ ಬಂದು ಹಾಕಿಕೊಡ್ತೀನಿ ಸರ್.”

ಅವನು ಗುರುಕಿರಣ್. ಅಗ್ರಹಾರದಲ್ಲಿ ಪೂಜಾ ಸಾಮಾನಿನ ಅಂಗಡಿ, ಕೃಷ್ಣಮೂರ್ತಿಪುರಂನಲ್ಲಿ ಮನೆ. ಅಂದು ಸಂಜೆಯೇ ಗಗನ ಎರಡೂ ಕೇಬಲ್ ಹಿಡಿದು ಹೋದಳು. ಮೊದಲು ಮೂರು ಪಿನ್ನಿನದನ್ನು ಚುಚ್ಚಿದಳು. ಪರದೆಯ ಮೇಲೆ ದೇವಿರಮ್ಮನ ಸುಕ್ಕುಗಟ್ಟಿದ ಮುಖ ಅರಳಿತು. ಒಂದೊಂದು ಗೆರೆಯೂ ಕಾಣುತ್ತಿತ್ತು!

“ಸಾಕಲ್ವಾ?” ಗುರುಕಿರಣ್ ತಾಯಿ ಬಸಮ್ಮನ ಮುಖ ನೋಡಿದ.

ಬಸಮ್ಮ ಇನ್ನೊಂದು ಕೇಬಲ್ ತೋರಿಸಿದರು. “ಅದೇನಮ್ಮ?”

ಗಗನ ಅವರ ಎದುರು ಕೂತು ನಿಧಾನವಾಗಿ ಹೇಳಿದಳು, “ಇದ್ರಲ್ಲಿ ಧ್ವನಿನೂ ಬರುತ್ತೆ ಅಮ್ಮ.”

“ಹಂಗಾದ್ರೆ ಅದೇ ಇರ್ಲಿ ಕಣಮ್ಮ. ನಂಗಲ್ಲ, ಇವನಿಗೆ. ಇವನ ಚಿಕ್ಕಮ್ಮ ಎಷ್ಟು ದಿನ ಇರ್ತಾಳೋ, ಅವಳ ಧ್ವನಿ ಇವನ ಕಿವೀಲಿ ಉಳೀಲಿ.”

ಗುರುಕಿರಣ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅದನ್ನು ನೋಡಬಾರದಿತ್ತು ಗಗನ. ನೋಡಿಬಿಟ್ಟಳು. ಅವಳ ಮನಸ್ಸು ಆ ಕ್ಷಣವೇ ಅವನ ಪಾಲಾಯಿತು.

ಆಮೇಲೆ ಅವನು ಏನಾದರೊಂದು ನೆಪ ಹುಡುಕಿ ಅಂಗಡಿಗೆ ಬರುತ್ತಿದ್ದ. ರಿಮೋಟಿಗೆ ಸೆಲ್ಲು, ಕ್ಯಾಮೆರಾಗೆ ಚೀಲ... ಏನೂ ಸಿಗದ ದಿನ, “ಅಮ್ಮ ನಿಮ್ಮನ್ನ ಕೇಳಿದ್ರು” ಎನ್ನುತ್ತಿದ್ದ.

“ಅಮ್ಮ ಮಾತ್ರಾನಾ?” ಒಮ್ಮೆ ಅವಳು ಕೇಳಿಬಿಟ್ಟಳು.

ಅವನು ಕಿವಿಯವರೆಗೂ ಕೆಂಪಾದ.

ದಸರಾ ಮುಗಿದ ಮೇಲೆ ಅವನು ಬರುವುದು ನಿಂತಿತು. ಒಂದು ವಾರ... ಇನ್ನೊಂದು ವಾರ... ಗಾಜಿನ ಬಾಗಿಲು ತೆರೆದಾಗಲೆಲ್ಲ ಗಗನಳ ಎದೆ ಹಾರುತ್ತಿತ್ತು, ಮರುಕ್ಷಣ ಕುಸಿಯುತ್ತಿತ್ತು. ಅವನ ಎತ್ತರದವರು ಯಾರು ಹೋದರೂ ರಸ್ತೆಯ ತುದಿವರೆಗೆ ಅವಳ ಕಣ್ಣು ಹಿಂಬಾಲಿಸುತ್ತಿತ್ತು. ಬೋಗಾದಿ ಬಸ್ಸಿನ ಕಿಟಕಿಗೆ ಹಣೆಯೊರಗಿಸಿ ಅವಳು ತನ್ನನ್ನೇ ಕೇಳಿಕೊಂಡಳು: ‘ನಾನೇ ಹೆಚ್ಚು ಆಸೆ ಪಟ್ನಾ? ಅವರು ಏನೂ ಹೇಳಿರಲಿಲ್ಲವಲ್ಲ...’

ಆಮೇಲೊಂದು ದಿನ ಜೊತೆಯ ಕೆಲಸಗಾರ್ತಿ ಹೇಳಿದಳು, “ನಿನ್ನ ಕೇಬಲ್ ಸಾಹೇಬ್ರು ಎದುರಿನ ಅಂಗಡಿಯಿಂದ ಬರ್ತಿದ್ರು ಕಣೇ. ಕೈಲಿ ಹೊಸ ಕೇಬಲ್ಲು!”

ಎದುರಿನ ಅಂಗಡಿ! ಹತ್ತು ಹೆಜ್ಜೆ ದಾಟಿದ್ದರೆ ಅವಳಿದ್ದಳು. ಭಾನುವಾರ ಬೆಳಗ್ಗೆ ಅವಳ ಕಾಲುಗಳು ಕೃಷ್ಣಮೂರ್ತಿಪುರಂ ದಾರಿ ಹಿಡಿದಿದ್ದವು. ಬೈಯಲೋ, ಅಳಲೋ, ಅವಳಿಗೇ ಗೊತ್ತಿರಲಿಲ್ಲ.

ಬಾಗಿಲು ತೆಗೆದ ಬಸಮ್ಮ ಅವಳನ್ನು ನೋಡಿ ತಬ್ಬಿಬ್ಬಾದರು. ಅವಳ ಕೊರಳನ್ನು ನೋಡಿದರು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು.

“ಒಬ್ಳೇ ಬಂದ್ಯಾ ಮಗಳೇ? ಯಜಮಾನ್ರು ಬರ್ಲಿಲ್ವಾ?”

“ಯಾವ ಯಜಮಾನ್ರು ಅಮ್ಮ?”

“ಯಾಕಮ್ಮ, ನಿಂಗೆ ಮದುವೆ ಅಲ್ವಾ? ನಿನ್ನ ಭಾವನ ಜೊತೆ? ನಿನ್ನನ್ನ ಕಿರಣನಿಗೆ ಕೇಳೋಣ ಅಂತ ನಾನೇ ನಿಮ್ಮಂಗಡಿಗೆ ಬಂದಿದ್ದೆ. ನೀನು ಗಾಜಿನಾಚೆ ಫೋನಲ್ಲಿದ್ದೆ. ‘ಭಾವಾ, ಮದುವೆ ಸೀರೆ ನೀವೇ ಆರಿಸಿಬಿಡಿ’ ಅಂತ ನಗ್ತಾ ಹೇಳ್ತಿದ್ದೆ. ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ? ಹಂಗೇ ವಾಪಸ್ ಬಂದು ಕಿರಣನಿಗೆ ಹೇಳ್ಬುಟ್ಟೆ...”

ಗಗನ ಕಣ್ಣರಳಿಸಿ ನಿಂತಳು. ಆ ದಿನ ನೆನಪಾಯಿತು. ಅವಳ ಮಾವ ನಂಜುಂಡಯ್ಯ ಮಗಳ ಮದುವೆಗೆ ಸೀರೆ ಕೊಳ್ಳಲು ಹೊರಟು ಫೋನ್ ಮಾಡಿದ್ದರು!

“ಅಮ್ಮಾ... ನಾನು ಭಾವ ಅನ್ನಲಿಲ್ಲ. ಮಾವ ಅಂದೆ. ಮದುವೆ ನಂದಲ್ಲ, ಮಾವನ ಮಗಳದ್ದು.”

ಬಸಮ್ಮನಿಗೆ ತಿಳಿಯಲಿಲ್ಲ. ಅವಳು ಹೇಳಿದ ಎರಡೂ ಪದ ತುಟಿಯ ಮೇಲೆ ಅವರಿಗೆ ಒಂದೇ ಆಗಿ ಕಂಡಿದ್ದವು. ಗಗನ ಅವರ ಅಂಗೈ ಹಿಡಿದು ಬೆರಳಿನಿಂದ ‘ಮಾ’ ಎಂದು ಬರೆದಳು.

ಬಸಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಶಿವನೇ! ಈ ಹಾಳು ಕಣ್ಣನ್ನ ನಂಬಿ ಮಗನ ನಗು ಕಿತ್ಕೊಂಡ್ನಲ್ಲಾ!”

ಒಳಬಾಗಿಲ ಬಳಿ ಗುರುಕಿರಣ್ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಸಮ್ಮ ಮಗನ ಕಡೆ ಒಮ್ಮೆ, ಗಗನಳ ಕಡೆ ಒಮ್ಮೆ ನೋಡಿ, ಕಾಫಿ ಮಾಡ್ತೀನಿ ಎಂದು ಒಳಗೆ ಹೋದರು.

“ನನ್ನನ್ನೇ ಒಂದು ಮಾತು ಕೇಳ್ಬಹುದಿತ್ತು,” ಗಗನಳ ಕಣ್ಣು ತುಂಬಿ ಬಂತು. “ಎದುರಿನ ಅಂಗಡಿವರೆಗೂ ಬಂದ್ರಿ...”

“ನೀವು ಹಾಕಿಕೊಟ್ಟ ಕೇಬಲ್ ತುಳಿದು ಪಿನ್ ಮುರೀತು. ನಿಮ್ಮ ಅಂಗಡಿಗೆ ಬಂದು, ನಿಮ್ಮ ಕೊರಳಲ್ಲಿ ತಾಳಿ ನೋಡೋ ಧೈರ್ಯ ಇರ್ಲಿಲ್ಲ ಗಗನ.”

ಮೊದಲ ಬಾರಿ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ.

“ಈಗಲಾದ್ರೂ ಕೇಳಿ.”

“ನನ್ನನ್ನ ಮದುವೆ ಆಗ್ತೀರಾ?”

ಅವಳು ಅಳುತ್ತಲೇ ನಕ್ಕಳು. “ಆಗ್ತೀನಿ. ಆದ್ರೆ ನಮ್ಮ ಜನ ಬೇರೆ, ನಿಮ್ಮ ಜನ ಬೇರೆ. ನಮ್ಮಪ್ಪ ಒಂದೇ ಸಲಕ್ಕೆ ಒಪ್ಪಲ್ಲ.”

“ಒಪ್ಪೋವರೆಗೂ ಬರ್ತೀನಿ. ಯಾವತ್ತು ಬರ್ಲಿ ಹೇಳಿ.”

“ನಾನು ಮನೇಲಿರೋ ದಿನ ಬನ್ನಿ.”

“ಯಾಕೆ?”

“ನೀವೊಬ್ರೇ ಬೈಸ್ಕೋಬಾರ್ದು.”