ಎಡಬಾಗಿಲಿನ ಸ್ಪೀಕರ್

"ಹೊರಗೆ!" ಎಂದು ಅವಳು ಕೂಗಿದಳು. ನನ್ನ ಹೊಲಿಗೆ ಮಿಷನ್ನಿನ ಸೂಜಿ ಅಲ್ಲೇ ಪಟ್ಟೆಂದು ಮುರಿಯಿತು.

ಮುರಿಯದೆ ಏನಾದೀತು? ಹಾಗೆ ಕೂಗುವುದು ನನ್ನ ಕೆಲಸ. ಕುಬಾನ್‌ನ ಅಂಗಡಿಗೆ ಬಂದ ಎಷ್ಟೋ ಕಾರುಗಳ ಎಡಬಾಗಿಲಿಗೆ ಬಗ್ಗಿ ನಿಂತು ಕೂಗಿದವಳು ನಾನು. ಈಗ ಅದೇ ಜಾಗದಲ್ಲಿ ಹೈ ಹೀಲ್ಸ್ ಹಾಕಿಕೊಂಡ ಯಾವಳೋ ನಿಂತು, ಕೂದಲನ್ನು ಕಿವಿಯ ಹಿಂದೆ ಸರಿಸುತ್ತ, "ಅಯ್ಯೋ, ಹೊರಗೇ ಬಂತು ನೋಡಿ!" ಎಂದು ನಗುತ್ತಿದ್ದಾಳೆ.

ನಮ್ಮೂರಿನ ದೊಡ್ಡ ಸಂತೆಯಾದ ಓಶ್ ಬಜಾರಿನ ಕಾರು ಸಾಮಾನಿನ ಸಾಲಿನಲ್ಲಿ ನಮ್ಮಿಬ್ಬರ ಅಂಗಡಿ ಅಕ್ಕಪಕ್ಕ. ಅಂಗಡಿ ಎಂದರೆ ಹಳೆಯ ಕಬ್ಬಿಣದ ಕಂಟೇನರು. ನಾನು ಬೆಗಿಮಾಯ್, ಸೀಟ್ ಕವರ್ ಹೊಲಿಯುತ್ತೇನೆ. ಕುಬಾನ್ ಸ್ಪೀಕರ್ ಕೂರಿಸುತ್ತಾನೆ. ಇಲ್ಲಿಗೆ ಬರುವುದೆಲ್ಲ ಜಪಾನಿನಲ್ಲಿ ಓಡಿ ಸವೆದ ಕಾರುಗಳು. ಒಳಗಿನ ವೈರುಗಳನ್ನು ಯಾರು ಯಾರೋ ಬಿಚ್ಚಿ ಜೋಡಿಸಿರುತ್ತಾರೆ, ಬಣ್ಣ ನೋಡಿ ಇದು ಪ್ಲಸ್ಸು ಇದು ಮೈನಸ್ಸು ಅನ್ನುವ ಹಾಗಿಲ್ಲ. ಅದಕ್ಕೇ ಅವನು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ವೈರಿನ ಎರಡು ತುದಿಗೆ ಗಡಿಯಾರದ ಸೆಲ್ಲೊಂದನ್ನು ಒಂದು ಗಳಿಗೆ ಮುಟ್ಟಿಸುತ್ತಾನೆ. ಬಾಗಿಲ ಬಳಿ ನಿಂತವರು ಸ್ಪೀಕರಿನ ನಡುವಿನ ಕಾಗದದ ಕೋನನ್ನೇ ನೋಡುತ್ತಿರಬೇಕು. ಅದು ಟಪ್ಪೆಂದು ಮುಂದಕ್ಕೆ ಹಾರಿದರೆ ಹೊರಗೆ, ಹಿಂದಕ್ಕೆ ಸರಿದರೆ ಒಳಗೆ. ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಪ್ಲಸ್ಸು. ಇಷ್ಟೇ ಕೆಲಸ, ಆದರೆ ಇಬ್ಬರು ಬೇಕು.

ಆ ಇಬ್ಬರಲ್ಲಿ ಒಬ್ಬಳು ನಾನಾಗಿದ್ದೆ. ನಾನು ಕೂಗಿದೊಡನೆ ಅವನು ಮೂಗಿನ ಮೇಲೆ ಧೂಳು ಹೊತ್ತು ತಲೆ ಎತ್ತುತ್ತಿದ್ದ.

"ಕೋನ್ ನೋಡಿ ಹೇಳಿದ್ಯಾ, ನನ್ನ ನೋಡ್ಕೊಂಡು ಹೇಳಿದ್ಯಾ?"

"ನಿನ್ನ ಮುಖ ನೋಡ್ತಾ ನಿಲ್ಲೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಇಷ್ಟು ಮಾತಾದರೆ ನನಗೆ ಸಂಜೆಯವರೆಗೂ ಸಾಕಾಗುತ್ತಿತ್ತು. ಇದರಾಚೆಗೆ ಅವನೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಒಂದು ಸಂಬಂಧ ತಂದಳು. ಶುಕ್ರವಾರ ಹುಡುಗನ ಮನೆಯವರು ಬಂದು ನನ್ನ ಕಿವಿಗೆ ಓಲೆ ಹಾಕುವುದೆಂದು ಮಾತಾಯಿತು. ಓಲೆ ಬಿತ್ತೆಂದರೆ ಮುಗಿಯಿತು, ಹುಡುಗಿ ಅವರವಳು. ಹುಡುಗನ ಫೋಟೋವನ್ನು ಫೋನಿನಲ್ಲಿ ಒಮ್ಮೆ ನೋಡಿದ್ದೆ, ಅವನ ಕಡೆಯವರ ಮುಖ ಯಾರದೂ ಗೊತ್ತಿಲ್ಲ. ಒಲ್ಲೆ ಅನ್ನಲು ಅಮ್ಮನ ಮುಂದೆ ಇಡಲು ಒಂದು ಕಾರಣ ಬೇಕಲ್ಲ? ಕಾರಣವಾಗಬೇಕಾದವನು ಪಕ್ಕದ ಕಂಟೇನರಿನಲ್ಲಿ ಶಿಳ್ಳೆ ಹಾಕುತ್ತಿದ್ದ.

"ಓಲೆ ಹಾಕಿಸಿಕೊಳ್ಳೋಳು ಕಂಡಕಂಡವರ ಕಾರಿಗೆ ಬಗ್ಗಿ ನಿಂತರೆ ಜನ ಏನಂತಾರೆ?" ಎಂದಳು ಅಮ್ಮ. ನಾನು ಹೋಗುವುದನ್ನು ಬಿಟ್ಟೆ. ಯಾಕೆ ಬರುತ್ತಿಲ್ಲ ಎಂದು ಅವನು ಒಂದು ಸಲವಾದರೂ ಕೇಳುತ್ತಾನೆಂದು ಕಾದೆ. ಮಹಾರಾಯ ಕೇಳಲಿಲ್ಲ. ಬದಲಿಗೆ ಈ ಹೈ ಹೀಲ್ಸ್ ಬಂತು.

ಹೆಸರು ಅಯ್‌ಪೆರಿ. ಅವನು "ಅಯ್‌ಪೆರಿ ಅವರೇ, ಈ ಕಡೆ ನಿಂತ್ಕೊಳ್ಳಿ" ಎನ್ನುವುದು ನನ್ನ ಕಿವಿಗೆ ಬಿದ್ದಿತ್ತು. ನನಗೆ ಎಂದೂ ಅಷ್ಟು ಮೆತ್ತಗೆ ಹೇಳಿದವನಲ್ಲ.

ಅವಳು ಮಾರನೆಯ ದಿನವೂ ಬಂದಳು. "ಹಾಡು ಯಾಕೋ ಸಪ್ಪೆ ಕೇಳುತ್ತೆ" ಎಂದು ತುಟಿ ಉಬ್ಬಿಸಿದಳು. ಮಾಂಸ ತುಂಬಿ ಸುಟ್ಟ ಬಿಸಿ ಸಂಸಾ ಕಟ್ಟಿಸಿಕೊಂಡು ಬಂದು ಅವನಿಗೆ ತಿನ್ನಿಸಿದಳು. ಅವನು ಎಡಬಾಗಿಲ ಹಲಗೆ ಬಿಚ್ಚಿದ, ಏನೋ ಮುಟ್ಟಿದ, ಮುಚ್ಚಿದ. ಮತ್ತೆ ಬರುವ ಮಾತಾಯಿತು. ಬರದೆ ಏನು, ಸುಖವಾಗಿದೆಯಲ್ಲ!

ಹೋಗುವಾಗ ನನ್ನ ಅಂಗಡಿಗೂ ನುಗ್ಗಿದಳು. ಸೀಟ್ ಕವರ್ ಬಟ್ಟೆ ಮುಟ್ಟುತ್ತ ಬಟ್ಟೆಯ ಬದಲು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಡುಗೆ ಬರುತ್ತಾ ನಿನಗೆ?"

"ಹೊಲಿಗೆ ಬರುತ್ತೆ. ಅದು ಬೇಕಿದ್ರೆ ಹೇಳಿ," ಎಂದೆ.

ಅವಳು ನಕ್ಕಳು. ಗೆದ್ದವಳ ನಗು ಅದು. ಅವಳ ಬೆನ್ನಿಗೆ ಕತ್ತರಿ ಎಸೆಯದೆ ಉಳಿದದ್ದು ನನ್ನ ಪುಣ್ಯ.

ಗುರುವಾರ ಮಧ್ಯಾಹ್ನ ಆ ಬಿಳಿ ಕಾರು ಮತ್ತೆ ಬಂತು. ಅವಳು ಎದುರಿನ ಟೀ ಅಂಗಡಿಗೆ ಹೋದಳು, ಕುಬಾನ್ ಹಾಡು ಹಾಕಿದ. ಡೋಲಿನ ಪೆಟ್ಟು ಎಲ್ಲೋ ಬಾವಿಯೊಳಗೆ ಬಿದ್ದ ಹಾಗಿತ್ತು, ಬರೀ ಕೀಚಲು ಧ್ವನಿ. ನನಗೆ ಒಂದೇ ಸಲಕ್ಕೆ ಗೊತ್ತಾಯಿತು. ಒಂದು ಬಾಗಿಲಿನ ವೈರು ತಿರುಗುಮುರುಗಾಗಿದೆ. ಬಲಗಡೆಯ ಕೋನ್ ಹೊರಗೆ ತಳ್ಳುವಾಗ ಎಡಗಡೆಯದು ಒಳಗೆ ಎಳೆಯುತ್ತಿದೆ, ದಪ್ಪ ಸ್ವರಗಳೆಲ್ಲ ಒಂದನ್ನೊಂದು ತಿಂದುಹಾಕುತ್ತಿವೆ. ನನಗೇ ಗೊತ್ತಾದದ್ದು ಅವನಿಗೆ ಗೊತ್ತಾಗುವುದಿಲ್ಲವೇ? ಬೇಕೆಂದೇ ಬಿಟ್ಟಿದ್ದಾನೆ, ಅವಳು ಬರುತ್ತಲೇ ಇರಲಿ ಎಂದು!

ಮಿಷನ್ ಬಿಟ್ಟು ಎದ್ದೆ. ಅಮ್ಮನ ಮಾತು, ಜನ, ಯಾವುದೂ ನೆನಪಾಗಲಿಲ್ಲ.

"ಎಡಗಡೆ ಬಾಗಿಲು ಉಲ್ಟಾ ಇದೆ," ಎಂದೆ.

ಡ್ಯಾಶ್‌ಬೋರ್ಡಿನ ಅಡಿಯಿಂದ ಉತ್ತರ ಬಂತು: "ಗೊತ್ತು."

"ಗೊತ್ತಿದ್ದೂ ಬಿಟ್ಟಿದೀಯಾ?"

"ಇರಲಿ ಬಿಡು."

"ಯಾಕೆ ಇರಲಿ? ಆ ಬಿನ್ನಾಣಗಿತ್ತಿ ದಿನಾ ಬಂದು ಇಲ್ಲಿ ಕುಣೀಲಿ ಅಂತಾನಾ? ಸಂಸಾ ರುಚಿ ಹತ್ತಿಬಿಡ್ತಾ?"

ಕುಬಾನ್ ಹೊರಗೆ ಬಂದ. ಮೂಗಿನ ಮೇಲೆ ಧೂಳು ಇತ್ತು, ನಗು ಇರಲಿಲ್ಲ. ಕಣ್ಣು ನಿದ್ದೆಗೆಟ್ಟವನಂತೆ ಕೆಂಪಾಗಿತ್ತು.

"ಈ ಕಾರು ನಾಳೆ ಎಲ್ಲಿಗೆ ಹೋಗುತ್ತೆ ಗೊತ್ತಾ ನಿನಗೆ?"

"ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ."

"ನಿಮ್ಮ ಮನೆಗೆ. ಅವರು ಆ ಹುಡುಗನ ಅಕ್ಕ. ಮೊದಲ ದಿನವೇ ಹೇಳಿದ್ರು. ಶುಕ್ರವಾರ ಓಲೆ ತಗೊಂಡು ಹೋಗ್ತೀವಿ, ಬೀದಿಯೋರೆಲ್ಲ ಹೊರಗೆ ಬಂದು ನೋಡೋ ಹಾಗೆ ಹಾಡು ಕೇಳಬೇಕು, ಅಂತ. ಇಲ್ಲಿಗೆ ಬರ್ತಿದ್ದಿದ್ದು ನನಗಾಗಿ ಅಲ್ಲ ಕಣೇ. ನಿನ್ನ ನೋಡೋಕೆ."

ಅಡುಗೆ ಬರುತ್ತಾ ಎಂದು ಕೇಳಿದ್ದು ಅದಕ್ಕೇ!

"ನಾನು ಬೇಕಂತ ಉಲ್ಟಾ ಕೊಟ್ಟ ಕಾರು ಇದೊಂದೇ," ಎಂದ ಅವನು ವೈರನ್ನು ಬೆರಳಿಗೆ ಸುತ್ತುತ್ತ. "ಏನ್ ಮಾಡ್ಲಿ? ನಾನು ಕೂರಿಸಿದ ಸ್ಪೀಕರು ನಿನ್ನ ಇನ್ನೊಬ್ಬನಿಗೆ ಕೊಡೋಕೆ ಹಾಡ್ತಾ ಹೋಗೋದಾ? ಹೊಟ್ಟೆ ಉರೀತು. ಸರಿಯಾಗಿ ಕೊಡೋಕೆ ಕೈ ಬರಲಿಲ್ಲ."

"ವೈರು ತಿರುಗಿಸೋಕೆ ಕೈ ಬಂತು, ನನ್ನ ಹತ್ರ ಒಂದು ಮಾತು ಹೇಳೋಕೆ ಬಾಯಿ ಬರಲಿಲ್ಲ, ಅಲ್ವಾ?" ನನಗೆ ಅಳು ಬರುತ್ತಿತ್ತು. "ನೀನೊಬ್ಬ ದಡ್ಡ ಕುಬಾನ್!"

"ನೀನು ಬರೋದೇ ಬಿಟ್ಟೆ. ಒಪ್ಪಿದೀಯ ಅಂದ್ಕೊಂಡೆ."

"ಅಮ್ಮ ಬೇಡ ಅಂದ್ಲು. ನೀನು ಕೇಳ್ತೀಯ ಅಂತ ನಾನು ಕಾಯ್ತಿದ್ದೆ."

"ಈಗ ಕೇಳ್ತೀನಿ. ನಮ್ಮಮ್ಮ ಓಲೆ ತಂದ್ರೆ ಕಿವಿ ಕೊಡ್ತೀಯಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಅವನ ಕೈ ಹಿಡಿದುಕೊಂಡದ್ದು ನಾನೋ ಅವನೋ, ನೆನಪಿಲ್ಲ. ತಿರುಗಿ ನೋಡಿದರೆ ಅಯ್‌ಪೆರಿ ಟೀ ಲೋಟ ಹಿಡಿದು ನಿಂತಿದ್ದಳು.

ಅವನು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದೆ. ಇದನ್ನು ನಾನೇ ಹೇಳಬೇಕಿತ್ತು.

"ಅಕ್ಕ, ನಾಳೆ ನಮ್ಮನೆಗೆ ಬರಬೇಡಿ. ನಿಮ್ಮ ತಮ್ಮನಲ್ಲಿ ತಪ್ಪಿಲ್ಲ. ನನ್ನ ಮನಸ್ಸು ಮೊದಲಿಂದ ಇವನ ಹತ್ರ ಇದೆ. ಹೇಳೋದು ತಡ ಆಯ್ತು."

ಅವಳು ನಮ್ಮಿಬ್ಬರನ್ನೂ ನೋಡಿದಳು. ಮುಖ ಬಿಗಿದಿತ್ತು.

"ಅಲ್ಲಮ್ಮ, ಬಂದಾಗೆಲ್ಲ ನನ್ನ ಸುಟ್ಟುಬಿಡೋ ಹಾಗೆ ನೋಡ್ತಿದ್ದೆ. ಹುಡುಗಿಗೆ ಸಿಡುಕು ಜಾಸ್ತಿ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ನಿಟ್ಟುಸಿರಿಟ್ಟಳು. "ಓಲೆ ಹಾಕಿದ ಮೇಲೆ ಹೇಳಿದ್ರೆ ನನ್ನ ತಮ್ಮ ಊರಲ್ಲಿ ತಲೆ ಎತ್ತೋ ಹಾಗಿರಲಿಲ್ಲ. ಮನೇಲಿ ಏನು ಹೇಳ್ಲಿ ಈಗ?"

"ಹುಡುಗಿ ಗಯ್ಯಾಳಿ ಅನ್ನಿ."

"ಅದಕ್ಕೆ ಸುಳ್ಳು ಹೇಳೋದೇನೂ ಬೇಕಿಲ್ಲ," ಎಂದಳು. ಬಿಗಿದ ಮುಖದಲ್ಲೇ ನಗು ಬಂತು. "ಮೊದಲು ನನ್ನ ಕಾರು ಸರಿ ಮಾಡಿ. ತಮ್ಮನಿಗೆ ಇನ್ನೊಂದು ಹೆಣ್ಣು ಹುಡುಕೋಕಾದ್ರೂ ಬೇಕಲ್ಲ."

ಕುಬಾನ್ ಡ್ಯಾಶ್‌ಬೋರ್ಡಿನ ಅಡಿಗೆ ನುಗ್ಗಿದ. ನಾನು ಎಡಬಾಗಿಲಿಗೆ ಬಗ್ಗಿದೆ. ಅಯ್‌ಪೆರಿ ದೂರ ನಿಂತಳು. ನಾನು ಕೂಗಿದೆ. ವೈರು ಸರಿಹೋಯಿತು, ಹಾಡು ಹಾಕಿದಾಗ ಡೋಲಿನ ಪೆಟ್ಟಿಗೆ ಎದುರಿನ ಟೀ ಅಂಗಡಿಯ ಲೋಟಗಳು ನಡುಗಿದವು.

ಕಾರು ಹೋದ ಮೇಲೆ ಅವನು ಫೋನ್ ತೆಗೆದ.

"ಅಮ್ಮ, ಓಲೆ ತಗೊಂಡು ಬೆಗಿಮಾಯ್ ಮನೆಗೆ ಹೋಗಬೇಕು. ಇವತ್ತೇ."

ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು. "ಆ ಹುಡುಗಿಗೆ ಅಂತಲೇ ಓಲೆ ಕೊಂಡಿಟ್ಟು ಎಷ್ಟು ಕಾಲ ಆಯ್ತೋ, ಮೂರ್ಖ! ಬೇರೆ ಯಾರಾದ್ರೂ ಹಾಕಿಬಿಡ್ತಾರೇನೋ ಅಂತ ನಾನಿಲ್ಲಿ ದಿನಾ ಸಾಯ್ತಿದ್ದೆ. ಬಂದೆ, ತಲೆಗೆ ಬಟ್ಟೆ ಕಟ್ಕೊಳ್ಳೋವರೆಗಾದ್ರೂ ತಡಿ."

ನಾನು ಅಂಗಡಿಯ ಬಾಗಿಲೆಳೆದು ಮನೆಯ ಕಡೆ ಓಡಿದೆ. ಅವರು ತಲುಪುವ ಮೊದಲು ಅಮ್ಮನಿಗೆ ನಾನೇ ಹೇಳಬೇಕಿತ್ತು.