ಧೂಪದ ದಿಮ್ಮಿಯ ಮೂರು ಮೊಳೆ

"ಆ ಮೂರು ಮೊಳಿ ಕೀಳಬ್ಯಾಡ್ರಿ, ಸಾವ್ಕಾರ್ರ. ಅಡವಿ ಮಂದಿ ಮಾಟ ಮಾಡಿ ಹೊಡದಾರ. ಕಿತ್ತವನ್ನ ಮರ ಬಿಡಂಗಿಲ್ಲ."

ಹೇಳಿದವನು ತಾಯಣ್ಣ. ದೇವದುರ್ಗದಿಂದ ಬಂದು ರಾಯಚೂರಿನ ಈ ಸಾಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸ ಓಡಿಸಿದವನು.

ಸಾಮಿಲ್ಲು ಕೊಂಡು ಎಂಟೇ ದಿನವಾಗಿದ್ದ ಅಂಬರೀಶ ನಕ್ಕುಬಿಟ್ಟ. ಅವನು ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಬೆಳೆದವನು. "ಅಕ್ಕ್ಯಾಗ ಹಳ್ಳು ಕಂಡ್ರ ಆರಿಸಿ ಒಗೀತೀವಿ. ಇದೂ ಹಂಗ ಬಿಡೋ. ಮೊಳಿ ಉಳದ್ರ ಗರಗಸದ ಹಲ್ಲು ಮುರೀತಾವ."

"ಅಕ್ಕಿ ಉಸಿರಾಡಂಗಿಲ್ರೀ," ಎಂದು ತಾಯಣ್ಣ ಹಿಂದೆ ಸರಿದ.

ದಿಮ್ಮಿ ಘಟ್ಟದ ಮಳೆಕಾಡಿನದು, ಧೂಪದ ಮರ. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ತೊಗಟೆಯ ಮೇಲೆ ಪಾಚಿ, ಬಾಡಿದ ಸೀತಾಳೆ ಹೂ, ಒಣಗಿ ಅಂಟಿಕೊಂಡ ಮರಗಪ್ಪೆ. ನಡುವೆ ಮಣ್ಣು ಮೆತ್ತಿದ ಒಂದು ಪೊಟರೆ. ಅದರ ಸೀಳಿನಲ್ಲಿ, ಮೊಟ್ಟೆಗೆ ಕಾವು ಕೊಡುತ್ತ ಕೂತಲ್ಲೇ ಸತ್ತ ಮಂಗಟ್ಟೆ ಹಕ್ಕಿಯ ಕೊಕ್ಕು. ಹೆಬ್ಬೆರಳು ದಪ್ಪದ ಮೊಳೆಗಳಿದ್ದದ್ದು ಆ ಪೊಟರೆಯ ಸುತ್ತ.

ಅಂಬರೀಶ ಇಕ್ಕಳ ಹಿಡಿದ. ಒಂದು ಬಂತು. ಎರಡು ಬಂತು. ಮೂರನೆಯದು ಬರುವಾಗ ದಿಮ್ಮಿ ನರಳಿತು.

ಕರೆಂಟು ಹೋಯಿತು. ಹೊರಗೆ ನಡುಮಧ್ಯಾಹ್ನದ ಬಿಸಿಲು ಸುಡುತ್ತಿದ್ದರೂ ಶೆಡ್ಡಿನೊಳಗೆ ಕತ್ತಲು ಕವಿಯಿತು. ಒದ್ದೆ ಮಣ್ಣಿನ, ಕೊಳೆತ ಎಲೆಯ ವಾಸನೆ. ಕಪ್ಪೆಗಳು ವಟಗುಟ್ಟಿದವು. ತಗಡಿನ ಕೆಳಗೇ ಮಳೆ ಹನಿಯಿತು. ಮೊಳೆ ಕಿತ್ತ ತೂತಿನಿಂದ ಕೆಂಪು ಅಂಟು ಚಿಮ್ಮಿತು.

"ಯಾರಿಗೆ ಹೆದರಸ್ತೀ?" ಎಂದು ಬೈದು ಅಂಬರೀಶ ತೂತಿಗೆ ತೋರುಬೆರಳು ತುರುಕಿದ.

ತೂತು ಮುಚ್ಚಿಕೊಂಡಿತು.

ಎಳೆದ. ಬರಲಿಲ್ಲ. ಬೆರಳು ತಣ್ಣಗಾಯಿತು. ಚಳಿ ಮುಂಗೈಗೆ ಏರಿತು. ಚರ್ಮ ತೊಗಟೆಯಾಗತೊಡಗಿತು. ಪೊಟರೆಯೊಳಗೆ ಸತ್ತ ಕೊಕ್ಕು ಟಕ್ ಎಂದಿತು. ಟಕ್. ಟಕ್.

"ಮಾತು ಕೊಡ್ರೀ ಯಪ್ಪಾ! ಇನ್ನ ಅಡವಿ ಕೊಯ್ಯಂಗಿಲ್ಲ ಅನ್ರಿ!" ತಾಯಣ್ಣ ಕೂಗಿದ.

"ಕಟ್ಟಿಗಿಗೆ ನಾ ಯಾಕ ಮಾತು ಕೊಡಬೇಕೋ? ಬಾಚಿ ತಗೋ, ಬೆರಳು ಕಡಿ!"

ತಾಯಣ್ಣ ಅಳುತ್ತಲೇ ಬಾಚಿ ಬೀಸಿದ.

"ಗೆದ್ನೋ ಇಲ್ಲೋ?" ಎಂದು ಆಸ್ಪತ್ರೆಯಲ್ಲಿ ಅಂಬರೀಶ ಹಲ್ಲು ಕಚ್ಚಿ ನಕ್ಕ. ಎಂಟನೆಯ ದಿನ ಪಟ್ಟಿ ಬಿಚ್ಚಿದಾಗ ಮೋಟು ಬೆರಳಿನಲ್ಲಿ ಎರಡು ಎಳೆಯೆಲೆ. ಚಿವುಟಿ ಹಾಕಿದ. ಮರುದಿನ ನಾಲ್ಕು. ಅಂದಿನಿಂದ ಘಟ್ಟದಲ್ಲಿ ಎಲ್ಲಿ ಮರ ಉರುಳಿದರೂ ಇಲ್ಲಿ ಅವನ ಅಂಗೈ ಸೀಳು ಬಿಡುತ್ತದೆ.

ಮೊನ್ನೆ ಘಟ್ಟದಿಂದ ದಿಮ್ಮಿ ಹೊತ್ತ ಎರಡನೆಯ ಲಾರಿ ಬಂತು. ಅಂಬರೀಶ ಗೇಟಿಗೆ ಅಡ್ಡ ನಿಂತ.

"ಬಾಜೂಕ ಸರೀರಿ ಸಾವ್ಕಾರ್ರ, ನಿಮ್ಮ ಮಾಲ ಅದ," ಎಂದ ಡ್ರೈವರ್.

"ಸರಿಯಂಗಿಲ್ಲ. ವಾಪಸ್ ಒಯ್ಯಿ. ನಿಮ್ಮ ಗುತ್ತೇದಾರಗ ಹೇಳು, ಮೊದ್ಲ ನನ್ನ ಕೊಯ್ಯಬೇಕು, ಆಮ್ಯಾಲ ಅಡವಿ."

ಕೈಗೆ ಸುತ್ತಿದ್ದ ಟವಲು ಜಾರಿತು. ಗಾಳಿ ಇರಲಿಲ್ಲ. ಎಲೆಗಳು ಅಲುಗುತ್ತಿದ್ದವು.

ಡ್ರೈವರ್ ಲಾರಿ ಹಿಂದಕ್ಕೆ ತಿರುಗಿಸಿದ.