ಎಪ್ಪತ್ತು ಹಾಲಿ, ಅರವತ್ತು ಕಲ್ದಾರ

“ಹತ್ತು ರೂಪಾಯಿ ಎಲ್ಲಿ ಹೋದ್ವು?” ಎಂದಳು ಅವ್ವ.

ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದ. ಪಗಾರದ ದಿನ ಅಪ್ಪ ದುಡ್ಡು ತಂದು ಅವ್ವನ ಉಡಿಗೆ ಹಾಕುವುದು, ಅವ್ವ ಎಣಿಸಿ ದೇವರ ಜಗಲಿಯ ಮೇಲೆ ಇಡುವುದು ಆ ಮನೆಯ ರೂಢಿ. ಪ್ರತಿ ತಿಂಗಳೂ ಎಪ್ಪತ್ತು ಇರುತ್ತಿತ್ತು. ಈ ಸಲ ಅವ್ವ ಎರಡು ಸಲ ಎಣಿಸಿದರೂ ಅರವತ್ತೇ ಬಂತು.

ಮೂಲೆಯಲ್ಲಿ ಸ್ಲೇಟು ಒರೆಸುತ್ತಿದ್ದ ಜಂಬಮ್ಮ ಒರೆಸುವುದನ್ನು ನಿಲ್ಲಿಸಿದಳು. ಅಪ್ಪ ಕರಿಬಸಯ್ಯ ಮಸ್ಕಿಯ ಶಾಲೆಯಲ್ಲಿ ಮಾಸ್ತರು. ಜಂಬಮ್ಮ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹೋದ ವಾರ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಅವರ ಟೊಪ್ಪಿಗೆ ಜಾರಿ ಮೂಗಿನ ಮೇಲೆ ಕೂತಾಗ ಕ್ಲಾಸಿನವರೆಲ್ಲ ತುಟಿ ಕಚ್ಚಿ ಕೂತಿದ್ದರು. ಕಿಸಕ್ಕನೆ ನಕ್ಕವಳು ಜಂಬಮ್ಮ ಒಬ್ಬಳೇ. ಆ ನಗುವಿಗೇ ಅಪ್ಪನಿಗೆ ದಂಡ ಹಾಕಿದ್ದಾರೆ ಎಂದುಕೊಂಡಳು.

ಅವಳು ಹೆದರಲು ಇನ್ನೊಂದು ಕಾರಣವೂ ಇತ್ತು. ಅವರ ಶಾಲೆ ನಾಲ್ಕನೆಯದಕ್ಕೆ ಮುಗಿಯುತ್ತಿತ್ತು. ಮುಂದೆ ಕಲಿಯಬೇಕೆಂದರೆ ಲಿಂಗಸುಗೂರಿಗೆ ಹೋಗಬೇಕು, ಚಿಗವ್ವನ ಮನೆಯಲ್ಲಿ ಇರಬೇಕು. ಚಿಗವ್ವನ ಮನೆಯೂ ಉಂಡುಟ್ಟು ಮಿಗುವ ಮನೆಯಲ್ಲ. ಅದಕ್ಕೇ ಊಟದ ಖರ್ಚಿಗೆ ತಿಂಗಳಿಗೆ ಹತ್ತು ರೂಪಾಯಿ ಕೊಡುವುದೆಂದು ಮಾತಾಗಿತ್ತು. ಅರವತ್ತರಲ್ಲಿ ಮನೆ, ಹತ್ತರಲ್ಲಿ ಜಂಬಮ್ಮನ ಶಾಲೆ. ಈಗ ಆ ಹತ್ತೇ ಇಲ್ಲ.

“ಅಪ್ಪಾ, ನಾ ಬೇಕಂತ ನಕ್ಕಿಲ್ಲ,” ಎಂದು ಅವಳು ಅಳತೊಡಗಿದಳು.

ಅಪ್ಪನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ನೋಟು ತೆಗೆದು ಅವಳ ಮುಂದೆ ಹಿಡಿದ. ಇಷ್ಟು ದಿನ ಬರುತ್ತಿದ್ದದ್ದು ನಿಜಾಮರ ಕಾಲದ ಹಾಲಿ ರೂಪಾಯಿ, ಇನ್ನು ಮೇಲೆ ಸರಕಾರ ಕೊಡುವುದು ಇಡೀ ದೇಶದಲ್ಲಿ ನಡೆಯುವ ಕಲ್ದಾರ ರೂಪಾಯಿ ಎಂದು ಬಿಡಿಸಿ ಹೇಳಿದ. ಕಲ್ದಾರಕ್ಕೆ ಬೆಲೆ ಹೆಚ್ಚು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ ಬರುತ್ತದೆ.

“ಹಂಗಾದ್ರ ಎಪ್ಪತ್ತು ಹಾಲಿಗೆ?”

ಜಂಬಮ್ಮ ಮೂಗು ಒರೆಸಿಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. “ಅರವತ್ತು ಕಲ್ದಾರ!”

“ಮತ್ತ ಎಲ್ಲಿ ಹೋತು ಹತ್ತು? ಎಲ್ಲೂ ಹೋಗಿಲ್ಲ,” ಎಂದ ಅಪ್ಪ.

ಅವ್ವ ವೀರಭದ್ರಮ್ಮನಿಗೆ ಮಾತ್ರ ಇದು ಕಣ್ಕಟ್ಟಿನ ಹಾಗೆ ಕಂಡಿತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸುಮ್ಮನೆ ಒಂದು ರೂಪಾಯಿ ತೆಗೆದು ಮಗಳ ಕೈಗೆ ಕೊಟ್ಟು ಜೋಳ ತರಲು ಹೇಳಿದಳು. ಹಾಲಿ ರೂಪಾಯಿಗೆ ಮೂರು ಸೇರು ಬರುತ್ತಿತ್ತು, ಕಲ್ದಾರಕ್ಕೆ ಮೂರೂವರೆ ಸೇರು ಬರಬೇಕು, ನೋಡಿಕೊಂಡು ಹಾಕಿಸಿಕೋ ಎಂದು ಅಪ್ಪ ಬಾಗಿಲವರೆಗೂ ಬಂದು ಹೇಳಿದ. ಜಂಬಮ್ಮ ಚೀಲ ಬೀಸುತ್ತ ಓಡಿದಳು. ಅರ್ಧ ಸೇರು ಹೆಚ್ಚು ಜೋಳ ಎಂದರೆ ಅವಳಿಗೆ ಆಗಲೇ ಲಿಂಗಸುಗೂರಿನ ಬಸ್ಸು ಕಂಡಂತಾಗಿತ್ತು.

ದೊಡ್ಡಬಸಪ್ಪನ ಅಂಗಡಿಯಲ್ಲಿ ಅವಳ ಮುಂದೆ ಗ್ಯಾನಮ್ಮ ನಿಂತಿದ್ದಳು. ಗ್ಯಾನಮ್ಮ ಹೊಲದ ಕೂಲಿಯವಳು. ಅವಳ ಚೀಲಕ್ಕೆ ಮೂರು ಸೇರು ಅಳೆದು ಹಾಕಿ, ಅವಳು ಕೊಟ್ಟ ರೂಪಾಯಿಯನ್ನು ದೊಡ್ಡಬಸಪ್ಪ ತಿರುಗಿಸಿ ನೋಡಿದ.

“ಇದು ಹಾಲಿ ಐತಿ. ಮ್ಯಾಲೆ ಮೂರಾಣೆ ಕೊಡು.”

ಹೋದ ವಾರ ಇದೇ ರೂಪಾಯಿಗೆ ಇಷ್ಟೇ ಜೋಳ ಒಯ್ದಿದ್ದೆ ಎಂದಳು ಗ್ಯಾನಮ್ಮ. ಹೋದ ವಾರದ್ದು ಹೋದ ವಾರಕ್ಕೆ, ಈಗ ಧಾರಣೆಯೆಲ್ಲ ಕಲ್ದಾರದ್ದು ಎಂದ ದೊಡ್ಡಬಸಪ್ಪ. ಅವಳ ಸೆರಗಿನ ಗಂಟಿನಲ್ಲಿ ಬೇರೆ ಕಾಸಿರಲಿಲ್ಲ. ಅವನು ಅವಳ ಚೀಲಕ್ಕೆ ಕೈ ಹಾಕಿ ಅರ್ಧ ಸೇರು ಜೋಳ ವಾಪಸು ತೆಗೆದುಕೊಂಡ.

ಜಂಬಮ್ಮ ಬಾಯಿ ತೆರೆದು ನೋಡುತ್ತಿದ್ದಳು. ಪಾಪ ಅನ್ನಿಸಿತು. ಆದರೂ ತನ್ನ ಮುಷ್ಟಿಯಲ್ಲಿರುವುದು ಕಲ್ದಾರ ಎಂದು ಒಳಗೊಳಗೇ ಧೈರ್ಯವೂ ಬಂತು.

“ಮೂರೂವರಿ ಸೇರು ಹಾಕ್ರೀ ಸಾವಕಾರ್ರ.”

“ರೂಪಾಯಿಗೆ ಮೂರು ಸೇರು ಬೇ ತಂಗಿ.”

“ಇದು ಕಲ್ದಾರ ಐತ್ರಿ.”

“ಇರ್ಲಿ. ರೂಪಾಯಿ ಅಂದ್ರ ರೂಪಾಯಿ. ಹೋದ ತಿಂಗಳೂ ಮೂರು ಸೇರು, ಈ ತಿಂಗಳೂ ಮೂರು ಸೇರು. ನಾ ಏನು ಧಾರಣಿ ಏರಿಸೀನೇನು?”

ಅವನು ನಗುತ್ತಲೇ ಹೇಳಿದ. ಕೈಗೊಂದು ಬೆಲ್ಲದ ಚೂರನ್ನೂ ಕೊಟ್ಟ. ಜಂಬಮ್ಮನಿಗೆ ಅದನ್ನು ಬಾಯಿಗೆ ಹಾಕಿಕೊಳ್ಳುವುದೇ ಮರೆತುಹೋಯಿತು. ಹಾಲಿ ಕೊಟ್ಟರೆ ಕಡಿಮೆ ಎಂದು ಅವನಿಗೆ ಗೊತ್ತು. ಕಲ್ದಾರ ಕೊಟ್ಟರೆ ಹೆಚ್ಚು ಎಂಬುದು ಮಾತ್ರ ಗೊತ್ತಿಲ್ಲ. ದೊಡ್ಡವರು ಹೀಗೂ ಮಾಡುತ್ತಾರೆಯೇ ಎಂದು ಅವಳು ಬೆಪ್ಪಾಗಿ ನಿಂತಳು. ಎದುರಿನ ಆದೆಪ್ಪನ ಅಂಗಡಿಗೆ ಹೋಗಿ ಕೇಳಿದಳು. ಅಲ್ಲಿಯೂ ರೂಪಾಯಿ ಅಂದರೆ ರೂಪಾಯಿ. ಮೂರೇ ಸೇರು ಹಾಕಿಸಿಕೊಂಡು ಹೊರಟಳು.

ದಾರಿಯಲ್ಲಿ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ಎಪ್ಪತ್ತು ಹಾಲಿಗೆ ಬರುತ್ತಿದ್ದ ಸಾಮಾನಿಗೆ ಈಗ ಎಪ್ಪತ್ತು ಕಲ್ದಾರ ಬೇಕು. ಅಪ್ಪನ ಹತ್ತಿರ ಇರುವುದು ಅರವತ್ತು. ಹತ್ತು ನಿಜವಾಗಿಯೂ ಹೋಗಿತ್ತು.

ಮನೆಯಲ್ಲಿ ಹೇಳಿದಾಗ ಅಪ್ಪ ನಂಬಲಿಲ್ಲ. ಚೀಲವನ್ನು ತಾನೇ ಅಳೆದ. ಮತ್ತೆ ಅಂಗಿ ತೊಟ್ಟು ಪೇಟೆಗೆ ಹೋದ. ತಿರುಗಿ ಬಂದವನ ಮುಖ ನೋಡಿ ಅವ್ವ ಒಂದು ತಂಬಿಗೆ ನೀರು ಕೊಟ್ಟಳು.

“ನನ್ನ ಲೆಕ್ಕ ಸರಿ ಐತಿ,” ಎಂದ ಅಪ್ಪ. ಅವನ ದನಿ ಕ್ಲಾಸಿನ ದನಿಯಾಗಿರಲಿಲ್ಲ. “ಸರಕಾರದ್ದೂ ಸರಿ ಐತಿ. ಪ್ಯಾಟ್ಯಾಗ ಅದು ನಡ್ಯಾಂಗಿಲ್ಲ.”

ಆಮೇಲೆ ಜಂಬಮ್ಮನ ಕಡೆ ನೋಡದೆ, ಲಿಂಗಸುಗೂರಿಗೆ ಬರುವ ವರ್ಷ ಹೋದರಾಯಿತು ಎಂದ. ಬರುವ ವರ್ಷ ಎಂದು ಮನೆಯಲ್ಲಿ ಉಳಿದ ಹುಡುಗಿಯರು ಜಂಬಮ್ಮನ ಓಣಿಯಲ್ಲೇ ಬೇಕಾದಷ್ಟು ಜನ ಇದ್ದರು.

ಆಗ ಅವ್ವ ಎದ್ದಳು. ಜಗಲಿಯ ಮೇಲಿದ್ದ ದುಡ್ಡನ್ನು ಉಡಿಗೆ ಹಾಕಿಕೊಂಡು ಬಂದು ಕೂತಳು. ಅದರೊಳಗಿಂದ ಹತ್ತು ರೂಪಾಯಿಯ ನೋಟೊಂದನ್ನು ತೆಗೆದು ಅಪ್ಪನ ಮುಂದಿಟ್ಟಳು.

“ಇದು ಅಕೀದು. ಮೊದಲ ತಗದು ಇಡ್ರಿ. ಉಳಿದದ್ದರಾಗ ಮನಿ ನಾ ನಡಸ್ತೀನಿ.”

“ಐವತ್ತರಾಗ ಹ್ಯಾಂಗ ನಡಸ್ತಿ?” ಎಂದು ಅಪ್ಪ ಗಾಬರಿಯಾಗಿ ಕೇಳಿದ.

ಅವ್ವ, ಮಗಳು ತಂದ ಜೋಳವನ್ನು ಮೊರಕ್ಕೆ ಸುರಿದು, ನಾಳೆ ಬೀಸಲು ಇಷ್ಟು ಎಂದು ಒಂದು ಪಾಲು ಬೇರೆ ಮಾಡಿದಳು. ನೋಡಿದಳು. ಆ ಪಾಲಿನಿಂದ ಒಂದು ಬೊಗಸೆ ಮತ್ತೆ ಚೀಲಕ್ಕೆ ಹಾಕಿದಳು.

ತಾನು ಲಿಂಗಸುಗೂರಿಗೆ ಹೋಗುವುದು ಖಾತ್ರಿಯಾಗಿತ್ತು, ಆದರೂ ಜಂಬಮ್ಮನಿಗೆ ಕುಣಿಯಬೇಕು ಅನ್ನಿಸಲಿಲ್ಲ. ಅವ್ವನ ಪಕ್ಕ ಕೂತು ಜೋಳದೊಳಗಿನ ಹರಳು ಆರಿಸತೊಡಗಿದಳು. ಐವತ್ತು ಕಲ್ದಾರ ಎಂದರೆ ಎಷ್ಟು ಹಾಲಿ? ಸ್ಲೇಟು ಹಿಡಿದರೆ ಅವಳಿಗೆ ಬರುವ ಲೆಕ್ಕವೇ. ಆದರೆ ಆ ಲೆಕ್ಕ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಅವ್ವ ಮನೆ ನಡೆಸಬೇಕಾದ ಪೇಟೆಯಲ್ಲಿ ಐವತ್ತು ಅಂದರೆ ಐವತ್ತೇ.